ಸಿರಿಂಜಿನ ಜೊತೆಗೆ ಒಂದು ಮರಿಯನ್ನೂ ಕೊಟ್ಟ ಮಹನೀಯರಿಗೆ

ಹಕ್ಕಿ ಮಾರುವ ಮಹನೀಯರೇ,

ಇತ್ತ ನಾವೆಲ್ಲ ಕ್ಷೇಮ. ಅತ್ತ ತಾವೂ ಕ್ಷೇಮವಾಗಿಯೇ ಇರುತ್ತೀರಿ. ಲಕ್ಷದ ಮೇಲೆ ಎಣಿಸಿಕೊಂಡವರ ಕ್ಷೇಮ ವಿಚಾರಿಸುವುದು ಬರೀ ಶಿಷ್ಟಾಚಾರ. ತಮ್ಮಿಂದ ನನ್ನ ಮಗ ನೀಲಿ-ಹಳದಿ ಮಕಾವ್ ಮರಿಯೊಂದನ್ನು ಕೊಂಡು ತಂದ. ಮರಿಯ ಜೊತೆಗೆ ತಾವು ಒಂದು ಸಿರಿಂಜನ್ನೂ ಒಂದು ಪ್ಯಾಕೆಟ್ ಹಿಟ್ಟನ್ನೂ ಒಂದು ಮಾತನ್ನೂ ಪುಕ್ಕಟೆಯಾಗಿ ಕೊಟ್ಟು ಕಳಿಸಿದಿರಿ. ಮಾತು ಇದು: "ಕೈಯಾರೆ ತಿನ್ಸಿ ಸಾರ್, ಜೀವ ಇರೋವರೆಗೂ ನಿಮ್ಮನ್ನ ಬಿಡಲ್ಲ." ಸಿರಿಂಜಿನ ರಬ್ಬರು ಬೇಗನೇ ಬಿಗಿದು ನಿಂತಿತು, ಹಿಟ್ಟು ಖರ್ಚಾಯಿತು, ಮಾತು ಮಾತ್ರ ಇನ್ನೂ ಮನೆ ತುಂಬ ಓಡಾಡಿಕೊಂಡಿದೆ. ಅದಕ್ಕೆ ಕೃತಜ್ಞತೆ ಹೇಳೋಣವೆಂದು ಕೂತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ದುಡ್ಡು ಕೈಸೇರುವ ತನಕ ಮೊದಲ ರಿಂಗಿಗೇ ಎತ್ತುತ್ತಿದ್ದ ತಮ್ಮ ಫೋನು ಆಮೇಲೆ ವ್ಯಾಪ್ತಿ ಪ್ರದೇಶದ ಹೊರಗೆ ಹೋಗಿಬಿಟ್ಟಿತು. ಹಾಗಾಗಿ ಬಹಿರಂಗ ಪತ್ರ.

ತಾವು ನನ್ನ ಮಗನಿಗಿಂತ ಚಿಕ್ಕವರು. ಎದುರಿಗೆ ಸಿಕ್ಕಿದ್ದರೆ "ಏನಪ್ಪಾ ತಮ್ಮಾ" ಎಂದೇ ಶುರುಮಾಡುತ್ತಿದ್ದೆ. ನಾಲ್ಕು ಜನ ಓದುವ ಪತ್ರವಾದ್ದರಿಂದ ಬಹುವಚನ ಹಾಕಿದ್ದೇನೆ, ಅದನ್ನು ತೀರಾ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಾನು ಯಾರೆಂದರೆ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿ ಬೆಂಗಳೂರಿನ ಫ್ಲ್ಯಾಟೊಂದರಲ್ಲಿ ಮಗ ಸೊಸೆಯ ಜೊತೆ ಇರುವವಳು. ಅವರಿಬ್ಬರಿಗೂ ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗು. ಮರಿಗೆ ಬೆಳಗ್ಗೆ ಆರಕ್ಕೆ, ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಹತ್ತಕ್ಕೆ ಊಟ. ಈ ಎರಡು ವೇಳಾಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮಗ ನನ್ನ ಕಡೆ ತಿರುಗಿ, "ಅಮ್ಮಾ, ನಿನ್ನ ಮಕ್ಕಳನ್ನೆಲ್ಲ ನೀನೇ ತಾನೇ ಸಾಕಿದ್ದು, ಇದೇನು ಮಹಾ" ಅಂದ. ಅವನಿಗೆ ಪ್ರೀತಿ ಕಟ್ಟಿಕೊಡುತ್ತೇನೆಂದು ಹೇಳಿ ತಾವು ಮಾರಿದ ಸಿರಿಂಜು ಹೀಗೆ ನನ್ನ ಕೈಗೆ ಬಂತು. ಹಕ್ಕಿ ಕೊಂಡವನಿಗೆ ಹಕ್ಕಿಗೆ ತಿನ್ನಿಸಲು ಪುರುಸೊತ್ತಿರಬೇಕು ಎಂಬ ನಿಯಮ ತಮ್ಮಲ್ಲಿ ಇಲ್ಲವಷ್ಟೆ.

ಮರಿಗೆ ಐದು ವಾರ ಎಂದಿರಿ. ಇರಬಹುದು. ಕಣ್ಣು ಬಿಟ್ಟಿತ್ತು, ಬೆನ್ನ ಮೇಲೆ, ರೆಕ್ಕೆಯ ಅಂಚಿನಲ್ಲಿ ನೀಲಿ ಗರಿಗಳು ಕೊಳವೆಯೊಳಗಿಂದ ತುದಿ ತೋರಿಸುತ್ತಿದ್ದವು, ಹೊಟ್ಟೆ ಇನ್ನೂ ಬೋಳು. ಮಕಾವ್ ಮರಿ ಮೊಟ್ಟೆಯೊಡೆದು ಬರುವಾಗ ಕಣ್ಣಿಲ್ಲ, ಮೈಮೇಲೆ ಗರಿಯಿಲ್ಲ. ಕೋಳಿಮರಿಯಾದರೆ ಹುಟ್ಟಿದ ಮಾರನೇ ದಿನವೇ ಕಾಳು ಕೆದಕುತ್ತದೆ. ಇದು ಆ ಜಾತಿಯಲ್ಲ. ಅಮೆಜಾನಿನ ಕಡೆ ಸತ್ತು ನಿಂತ ತಾಳೆಮರದ ಪೊಟರೆಯೊಳಗೆ ಸುಮಾರು ಮೂರು ತಿಂಗಳು ಕೂತಿರುತ್ತದೆ. ಗಂಡುಹಕ್ಕಿ ಹೊರಗಿನಿಂದ ತಂದದ್ದನ್ನು ಹೆಣ್ಣಿಗೆ ಕೊಡುತ್ತದೆ, ಗಂಡು ಹೆಣ್ಣು ಎರಡೂ ಸೇರಿ ಮರಿಗೆ ಕಕ್ಕಿ ತಿನ್ನಿಸುತ್ತವೆ. ಹಾರಲು ಕಲಿತ ಮೇಲೂ ತಿಂಗಳುಗಟ್ಟಲೆ ಅಪ್ಪ ಅಮ್ಮನ ಬೆನ್ನು ಬಿಡದೆ ಯಾವ ಕಾಯಿಯನ್ನು ಹೇಗೆ ಒಡೆಯಬೇಕು, ಯಾವ ಮರ ಯಾವಾಗ ಹಣ್ಣು ಬಿಡುತ್ತದೆ, ಯಾರನ್ನು ಕಂಡರೆ ಓಡಬೇಕು ಎಂದು ಕಲಿಯುತ್ತದೆ. ಇಷ್ಟನ್ನೂ ತಾವು ಐದನೇ ವಾರಕ್ಕೇ ನನಗೆ ವಹಿಸಿಕೊಟ್ಟಿರಿ. ಗಿಳಿ ಸಾಕಿ ಗಿಡುಗನಿಗೆ ಕೊಟ್ಟರು ಎಂದು ನಮ್ಮ ಕಡೆ ಗಾದೆ. ತಮ್ಮದು ಸುಧಾರಿಸಿದ ಪದ್ಧತಿ: ಸಾಕುವ ಮೊದಲೇ ಕೊಟ್ಟುಬಿಡುವುದು.

"ಬಿಸಿನೀರಲ್ಲಿ ಕಲ್ಸಿ ಹಾಕಿ." ತಿನ್ನಿಸುವ ವಿದ್ಯೆಯ ಬಗ್ಗೆ ತಾವು ಮಗನಿಗೆ ಮಾಡಿದ ಉಪದೇಶ ಇಷ್ಟೇ. ಎಷ್ಟು ಬಿಸಿ ಎಂದು ಅವನು ಕೇಳಲಿಲ್ಲ, ತಾವು ಹೇಳಲಿಲ್ಲ. ಹೇಳುತ್ತೇನೆ ಕೇಳಿ, ಮುಂದಿನ ಗಿರಾಕಿಗೆ ಉಪಯೋಗವಾದೀತು. 39ರಿಂದ 41 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ತಣ್ಣಗಾದರೆ ಮರಿ ಮುಖ ತಿರುಗಿಸುತ್ತದೆ, ಇಲ್ಲವೇ ನುಂಗಿದ್ದು ಕತ್ತಿನ ಬುಡದ ಮೇವಿನ ಚೀಲದಲ್ಲಿ ಹಾಗೇ ಕೂತು ಹುಳಿಯಾಗುತ್ತದೆ. 43 ದಾಟಿತೋ, ಆ ಚೀಲ ಒಳಗಿಂದ ಸುಡುತ್ತದೆ. ಮರಿಗೆ ಅದು ತಿಳಿಯುವುದಿಲ್ಲ, ಹಸಿದ ಮರಿ ಕುದಿಯುವುದನ್ನೂ ಗಬಗಬ ನುಂಗುತ್ತದೆ. ಸುಟ್ಟದ್ದು ನಮಗೂ ಅವತ್ತೇ ಗೊತ್ತಾಗುವುದಿಲ್ಲ. ದಿನಗಳು ಕಳೆದು, ಚರ್ಮ ಕಪ್ಪಾಗಿ, ಹಕ್ಕಳೆಗಟ್ಟಿ, ತೂತು ಬಿದ್ದು, ತಿನ್ನಿಸಿದ ಗಂಜಿ ಎದೆಯ ಮೇಲೆ ಸೋರತೊಡಗಿದಾಗ ತಿಳಿಯುತ್ತದೆ. ಅಷ್ಟು ಹೊತ್ತಿಗೆ "ನಮ್ ಹತ್ರ ಇದ್ದಾಗ ಚೆನ್ನಾಗೇ ಇತ್ತು" ಎಂಬ ತಮ್ಮ ಮಾತು ಅಕ್ಷರಶಃ ಸತ್ಯವಾಗಿರುತ್ತದೆ. ಇಂಥ ಸತ್ಯವಂತಿಕೆ ಎಲ್ಲ ವ್ಯಾಪಾರದಲ್ಲೂ ಸಿಗುವುದಿಲ್ಲ.

ಮಗ ಮೊದಲ ದಿನವೇ ಬಟ್ಟಲನ್ನು ಮೈಕ್ರೋವೇವಿಗೆ ಇಡಲು ಹೊರಟ. ತಡೆದೆ. ಆ ಪೆಟ್ಟಿಗೆ ಎಲ್ಲ ಕಡೆಯೂ ಸಮವಾಗಿ ಬಿಸಿ ಮಾಡುವುದಿಲ್ಲ. ಮೇಲೆ ಬೆಚ್ಚಗೆ, ನಡುವೆ ಒಂದು ಚಮಚದಷ್ಟು ಕೆಂಡ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲು ಕೂರಿಸಿ, ಕಲಕಿ, ಥರ್ಮಾಮೀಟರ್ ಅದ್ದಿ ನೋಡುವುದೇ ಸರಿ. ಬೆರಳು ಅದ್ದಿ ನೋಡುವ ಹಾಗೂ ಇಲ್ಲ. ಎಷ್ಟೋ ವರ್ಷ ಒಲೆಯ ಮೇಲಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಇಳಿಸಿದ ನನ್ನ ಬೆರಳಿಗೆ 43 ಡಿಗ್ರಿ ಎಂದರೆ ಆರಿದ ಕಾಫಿ.

ಇನ್ನು ಸಿರಿಂಜು ಎಲ್ಲಿ ಇಡಬೇಕು ಎಂಬುದು. ಹಕ್ಕಿಯ ನಾಲಿಗೆಯ ಬುಡದಲ್ಲಿ, ಸರಿಯಾಗಿ ನಡುಮಧ್ಯದಲ್ಲಿ ಉಸಿರುಕೊಳವೆಯ ಬಾಯಿ ಇದೆ. ಅನ್ನನಾಳ ಕತ್ತಿನ ಬಲಪಕ್ಕಕ್ಕೆ ಇಳಿಯುತ್ತದೆ. ಆದ್ದರಿಂದ ಮರಿಯ ಎಡಗಡೆಯಿಂದ ಸಿರಿಂಜು ಇಟ್ಟು ಬಲಕ್ಕೆ ಓರೆಯಾಗಿ ಬಿಡಬೇಕು. ಅದೂ ಮರಿ ತಾನಾಗಿ ತಲೆಯನ್ನು ಮೇಲೆ ಕೆಳಗೆ ಕುಟ್ಟುತ್ತ, ಇಡೀ ಮೈ ನಡುಗಿಸುತ್ತ ಎಳೆದುಕೊಳ್ಳುವಾಗ ಮಾತ್ರ. ಆಗ ಉಸಿರಿನ ಬಾಯಿ ಮುಚ್ಚಿರುತ್ತದೆ. ಅದು ಕುಟ್ಟುವುದನ್ನು ನಿಲ್ಲಿಸಿದರೆ ನಮ್ಮ ಹೆಬ್ಬೆರಳೂ ಆ ಕ್ಷಣವೇ ನಿಲ್ಲಬೇಕು. "ಇನ್ನೊಂದೇ ಒಂದು ತುತ್ತು ಪುಟ್ಟಾ" ಎಂಬ ತಾಯಿತನ ಇಲ್ಲಿ ನಡೆಯದು. ಆ ಒಂದು ತುತ್ತು ಶ್ವಾಸಕೋಶಕ್ಕೆ ಹೋಗುತ್ತದೆ. ತಕ್ಷಣ ಸಾಯದಿದ್ದರೆ ನ್ಯುಮೋನಿಯ ಆಗಿ ಸಾಯುತ್ತದೆ. ತಾವು ಕೊಟ್ಟ ಸಿರಿಂಜಿನ ರಬ್ಬರು ಬಿಗಿದುಕೊಂಡು, ಒತ್ತಿದಷ್ಟು ಹೊತ್ತೂ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ಪಿಚಕ್ಕೆಂದು ನುಗ್ಗುತ್ತಿತ್ತು ಎಂಬುದನ್ನು ಇಲ್ಲಿ ನೆನಪಿಸುತ್ತಿದ್ದೇನೆ. ಅದನ್ನು ಕಸಕ್ಕೆ ಹಾಕಿ ಮೆಡಿಕಲ್ ಸ್ಟೋರಿನಿಂದ ಹೊಸದನ್ನು ತರಿಸಿದೆ. ಉಚಿತ ಕೊಡುಗೆಯನ್ನು ಎಸೆದದ್ದಕ್ಕೆ ಕ್ಷಮೆ ಇರಲಿ.

ಬೆಳಗ್ಗೆ ಎದ್ದ ಕೂಡಲೇ, ತಿನ್ನಿಸುವ ಮೊದಲು, ಅಡುಗೆಮನೆಯ ತಕ್ಕಡಿಯಲ್ಲಿ ಕೂರಿಸಿ ಗ್ರಾಂ ಲೆಕ್ಕದಲ್ಲಿ ತೂಗಿ ಬರೆದಿಡುತ್ತಿದ್ದೆ. ಒಂದು ಹೊತ್ತಿಗೆ ಮೈತೂಕದ ಹತ್ತರಲ್ಲೊಂದು ಪಾಲಿನ ಆಸುಪಾಸು ಗಂಜಿ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮೇವಿನ ಚೀಲ ಪೂರ್ತಿ ಚಪ್ಪಟೆಯಾಗಿರಬೇಕು. ನಿನ್ನೆಯದು ಉಳಿದಿದ್ದರ ಮೇಲೆ ಇವತ್ತಿನದು ಸುರಿದರೆ ಬೂಷ್ಟು ಹಿಡಿಯಲು ಶುರು. ಈ ನೋಟ್‌ಬುಕ್ಕನ್ನು ನೋಡಿದ ಮಗ, "ನಮ್ಮನ್ನೂ ಹೀಗೇ ತೂಗಿದ್ಯಾ?" ಎಂದು ಕೇಳಿದ. ಇಲ್ಲ. ನೀವು ಹಸಿವಾದರೆ ಅಳುತ್ತಿದ್ದಿರಿ, ಜಾಸ್ತಿಯಾದರೆ ಕಕ್ಕುತ್ತಿದ್ದಿರಿ, ನಡುವೆ ಏನಿದ್ದರೂ ಅಜ್ಜಿ ದೃಷ್ಟಿ ತೆಗೆಯುತ್ತಿದ್ದಳು.

ಎದುರುಮನೆಯಾಕೆ ಬಂದು ನೋಡಿ, ಇಷ್ಟೆಲ್ಲ ಯಾಕೆ, ರಾಗಿ ಸರಿ ಕೊಡಿ, ಮಕ್ಕಳ ಡಬ್ಬಿ ಹಿಟ್ಟು ಕೊಡಿ ಎಂದರು. ತಾವೂ ಮಗನಿಗೆ ಅದನ್ನೇ ಹೇಳಿದ್ದಿರಿ, ಪ್ಯಾಕೆಟ್ ಖಾಲಿಯಾದರೆ ಎಂದು. ರಾಗಿಯ ಮೇಲೆ ನನಗೆ ಅಪಾರ ಗೌರವ; ನಮ್ಮನೆಯ ಎರಡು ತಲೆಮಾರಿನ ಮೂಳೆಯೆಲ್ಲ ಅದರದ್ದೇ. ಆದರೆ ಮೂರು ತಿಂಗಳಲ್ಲಿ ಅಂಗೈಯಷ್ಟರಿಂದ ಕಿಲೋ ತೂಕಕ್ಕೆ ಬೆಳೆಯುವ, ಮೈತುಂಬ ಗರಿ ನೇಯಬೇಕಾದ ಪ್ರಾಣಿಗೆ ಬೇಕಾದ ಪ್ರೋಟೀನು, ಕೊಬ್ಬು, ಕ್ಯಾಲ್ಸಿಯಂ ಅದರಲ್ಲಿ ಆ ಅಳತೆಯಲ್ಲಿಲ್ಲ. ಎಳೆಯ ಮೂಳೆಗೆ ಇನ್ನೊಂದು ಗಂಡಾಂತರ ನಮ್ಮ ನಯವಾದ ಟೈಲ್ಸು. ಜಾರುವ ನೆಲದಲ್ಲಿ ಬೆಳೆದ ಮರಿಯ ಕಾಲುಗಳು ಎರಡು ಕಡೆಗೆ ಚಾಚಿಕೊಂಡು ಹಾಗೇ ನಿಂತುಬಿಡುತ್ತವೆ. ಹಿಡಿತಕ್ಕೆ ಸಿಗುವ ಬಟ್ಟೆ ಹಾಸಬೇಕು. ಬೋಳುಮೈಗೆ ಬೆಂಗಳೂರಿನ ಬೆಳಗಿನ ಚಳಿ ತಡೆಯದು; ಪೆಟ್ಟಿಗೆಯೊಳಗೆ ಬಿಸಿ ಇರಬೇಕು, ಜಾಸ್ತಿಯಾದರೆ ಬಾಯಿ ಬಿಟ್ಟು ತೇಕುತ್ತದೆ, ಕಡಿಮೆಯಾದರೆ ಮುದುಡುತ್ತದೆ, ತಿಂದದ್ದು ಅರಗುವುದಿಲ್ಲ. ತಾವು ಹೇಳಿದಂತೆ ರಟ್ಟಿನ ಡಬ್ಬ, ಮೇಲೊಂದು ಬಲ್ಬು, ಇಷ್ಟೇ ಸಾಕು ಎಂದುಕೊಂಡಿದ್ದರೆ ಯಾವ ಮಧ್ಯಾಹ್ನ ಹುರಿದುಹೋಗುತ್ತಿತ್ತೋ.

ಇಷ್ಟು ಓದಿ ತಾವು ನಾನು ದೂರುತ್ತಿದ್ದೇನೆ ಎಂದುಕೊಂಡರೆ ನನ್ನ ಕೃತಜ್ಞತೆಗೆ ಅನ್ಯಾಯ ಮಾಡಿದಂತೆ. ತಮ್ಮ ವ್ಯವಹಾರಜ್ಞಾನವನ್ನು ನಾನು ನಿಜಕ್ಕೂ ಮೆಚ್ಚಿದ್ದೇನೆ. ಮರಿಯನ್ನು ಐದನೇ ವಾರಕ್ಕೇ ಗೂಡಿನಿಂದ ತೆಗೆದರೆ ಜೋಡಿ ಹಕ್ಕಿ ಬೇಗನೆ ಮತ್ತೆ ಮೊಟ್ಟೆಗೆ ಕೂರುತ್ತದೆ, ಒಂದು ಲಾಭ. ಮುಂದಿನ ತಿಂಗಳುಗಳ ಹಿಟ್ಟು, ನಿದ್ದೆಗೇಡು, ಕರೆಂಟ್ ಬಿಲ್ಲು ಗಿರಾಕಿಯ ಮನೆಗೆ, ಎರಡನೇ ಲಾಭ. ಮರಿ ಸತ್ತರೆ ಅದು ಗಿರಾಕಿಯ ಅಜಾಗರೂಕತೆ. ಮೂರನೇ ಲಾಭ, ಇದು ಎಲ್ಲಕ್ಕಿಂತ ದೊಡ್ಡದು. ಕೆಲಸವನ್ನೂ ಅಪಾಯವನ್ನೂ ಹೀಗೆ ಒಟ್ಟಿಗೆ ದಾಟಿಸಿ, ಅದಕ್ಕೆ ಬಾಂಧವ್ಯ ಎಂದು ಹೆಸರಿಟ್ಟು, ಆ ಹೆಸರಿಗೆ ಮೇಲೊಂದಿಷ್ಟು ದುಡ್ಡು ಕೇಳುವ ಕಲೆ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ನಾನು ಕಲಿಸಲಿಲ್ಲವಲ್ಲ ಎಂದು ಬೇಜಾರಾಗುತ್ತದೆ.

ಈ ಬಾಂಧವ್ಯದ ವಿಚಾರ ಸ್ವಲ್ಪ ಓದಿದೆ. ನಿವೃತ್ತರಿಗೆ ರಾತ್ರಿ ಹತ್ತರ ಊಟ ಮುಗಿಸಿದ ಮೇಲೆ ನಿದ್ದೆ ಬರುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಅಮೆಜಾನ್ ಗಿಳಿಗಳ ಮೇಲೆ ಮಾಡಿ 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮರಿಗಳನ್ನು ಗೂಡಿನಲ್ಲೇ, ಅಪ್ಪ ಅಮ್ಮನ ಹತ್ತಿರವೇ ಬಿಟ್ಟರು. ನಡುನಡುವೆ ಸ್ವಲ್ಪ ಹೊತ್ತು ಎತ್ತಿಕೊಂಡು, ಸವರಿ, ಮತ್ತೆ ಗೂಡಿಗೇ ಇಟ್ಟರು. ಆ ಮರಿಗಳು ದೊಡ್ಡವಾದ ಮೇಲೆ ಮನುಷ್ಯರ ಜೊತೆ ಸಲೀಸಾಗಿ ಇದ್ದವು. ಸಿರಿಂಜೇ ಬೇಕಾಗಲಿಲ್ಲ. ನೆದರ್‌ಲೆಂಡ್ಸ್‌ನಲ್ಲಂತೂ ಗಿಳಿಮರಿಗಳನ್ನು ತಾವೇ ತಿನ್ನಲು ಕಲಿಯುವ ಮೊದಲು ತಾಯಿ ತಂದೆಯಿಂದ ಬೇರ್ಪಡಿಸಬಾರದೆಂದು 2014ರಲ್ಲಿ ನಿಯಮವೇ ಬಂತು. ಪಾಪ, ಅಲ್ಲಿನ ತಮ್ಮ ಸಹೋದ್ಯೋಗಿಗಳು ಈಗ ಗಿರಾಕಿಗಳಿಗೆ ಯಾವ ಮಾತು ಹೇಳುತ್ತಾರೋ.

ಕೈತುತ್ತಿನ ಹಕ್ಕಿ ಮುಂದೆ ಏನಾಗುತ್ತದೆ ಎಂಬುದಕ್ಕೆ ಪೆರುವಿನ ತಾಂಬೋಪಾತ ಕಾಡಿನಲ್ಲಿ ಒಂದು ಹಳೆಯ ಕಥೆ ಇದೆ, ಅದೂ ಒಳ್ಳೆಯ ಉದ್ದೇಶದ ಕಥೆ. ಕೆಂಪು ಮಕಾವ್ ಗೂಡಿನಲ್ಲಿ ಮೂರು ನಾಲ್ಕು ಮೊಟ್ಟೆ ಒಡೆದರೂ ಹೆತ್ತವರು ಸಾಮಾನ್ಯವಾಗಿ ಮೊದಲ ಒಂದೆರಡು ಮರಿಗಷ್ಟೇ ತಿನ್ನಿಸುತ್ತವೆ. ಕೊನೆಯವು ಹಸಿವಿನಲ್ಲಿ ಸಾಯುತ್ತವೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಸಂಶೋಧಕರು ಇಂಥ ಮರಿಗಳನ್ನು ತಂದು ಕೈಯಲ್ಲಿ ತಿನ್ನಿಸಿ ದೊಡ್ಡದು ಮಾಡಿ ಕಾಡಿಗೆ ಬಿಟ್ಟರು. ಹಕ್ಕಿಗಳು ಬದುಕಿದವು, ಕಾಡು ಹಕ್ಕಿಗಳ ಜೊತೆ ಜೋಡಿಯೂ ಆದವು. ಆದರೆ ಮನುಷ್ಯರ ಮೇಲಿನ ಭಯ ಹೋಗಿತ್ತು. ಅಲ್ಲಿನವರು ಅವನ್ನು ಚಿಕೋಸ್, ಅಂದರೆ ಹುಡುಗರು ಎಂದು ಕರೆಯುತ್ತಿದ್ದರು. ಹುಡುಗರು ವರ್ಷಗಟ್ಟಲೆ ವಸತಿಗೃಹದ ಊಟದ ಮೇಜಿಗೆ ಇಳಿದು ಪ್ರವಾಸಿಗಳ ತಟ್ಟೆಗೇ ಕೊಕ್ಕು ಹಾಕುತ್ತಿದ್ದರು. ಈಚೆಗೆ ಅಲ್ಲಿನ ಸಂಶೋಧಕರು ಹಿಡಿದ ದಾರಿ ಬೇರೆ: ಹಸಿದ ಮರಿಯನ್ನು ಸ್ವಲ್ಪ ಕಾಲ ಮಾತ್ರ ಸಾಕಿ, ಜಾಗ ಇರುವ ಇನ್ನೊಂದು ಮಕಾವ್ ಗೂಡಿಗೆ ದತ್ತು ಕೊಡುವುದು. ಸಾಕಿದವರೇ ಸಿರಿಂಜನ್ನು ಬೇಗ ಕೆಳಗಿಡಲು ನೋಡುತ್ತಾರೆ, ಮಾರುವವರೇ ಅದನ್ನು ಬಹುಮಾನವೆಂದು ಕೊಡುತ್ತಾರೆ.

ತಮ್ಮ ಮಾತು ಸುಳ್ಳೆಂದು ಮಾತ್ರ ನಾನು ಹೇಳಲಾರೆ. ಬಿಡಲ್ಲ ಎಂದಿರಿ, ಬಿಡುತ್ತಿಲ್ಲ. ದುಡ್ಡು ಕೊಟ್ಟ ಮಗನನ್ನಲ್ಲ, ನನ್ನನ್ನು. ನಾನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಕೂಗು. ಕಾಡಿನಲ್ಲಿ ದೂರದ ಮರದ ಮೇಲಿರುವ ಜೋಡಿಗೆ ಕೇಳಿಸಲೆಂದು ಪ್ರಕೃತಿ ಕೊಟ್ಟ ಗಂಟಲನ್ನು ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಬಿಚ್ಚಿದರೆ ಏನಾಗುತ್ತದೋ ಅದು ಆಗುತ್ತಿದೆ. ಅಸೋಸಿಯೇಷನ್ನಿನಿಂದ ಎರಡನೇ ನೋಟಿಸು ಬಂದಿದೆ. ಇನ್ನು ಕೆಲವು ವರ್ಷಕ್ಕೆ ಪ್ರಾಯಕ್ಕೆ ಬಂದರೆ ಇಂಥ ಹಕ್ಕಿ ಮನೆಯವರಲ್ಲಿ ಒಬ್ಬರನ್ನು ತನ್ನ ಜೋಡಿಯೆಂದೇ ಆರಿಸಿಕೊಂಡು, ಅವರಿಗೆ ತಿಂದದ್ದನ್ನು ಕಕ್ಕಿ ಕೊಟ್ಟು, ಮಿಕ್ಕವರನ್ನು ಕಚ್ಚಿ ಓಡಿಸುತ್ತದಂತೆ. ಒಂಟಿಯಾಗಿ ಬಿಟ್ಟರೆ ತನ್ನ ಎದೆಯ ಗರಿಯನ್ನು ತಾನೇ ಕಿತ್ತುಕೊಳ್ಳುತ್ತದೆ. ಗಟ್ಟಿ ಕಾಯಿಯ ಸಿಪ್ಪೆಯನ್ನೇ ಒಡೆಯುವ ಕೊಕ್ಕು ಸೊಸೆಯ ಬೆರಳನ್ನು ಇನ್ನೂ ಪರೀಕ್ಷೆಗಷ್ಟೇ ಹಿಡಿದು ನೋಡುತ್ತಿದೆ.

ಮತ್ತೆ, ಜೀವ ಇರೋವರೆಗೂ ಎಂದಿರಿ. ಯಾರ ಜೀವ ಎಂದು ಬಿಡಿಸಿ ಹೇಳಲಿಲ್ಲ. ಚೆನ್ನಾಗಿ ನೋಡಿಕೊಂಡರೆ ಈ ಹಕ್ಕಿ ಐವತ್ತು ಅರವತ್ತು ವರ್ಷ ಬಾಳುತ್ತದೆ. ನಾನು ಈಗಾಗಲೇ 60 ದಾಟಿದ್ದೇನೆ. ಬ್ಯಾಂಕಿನ ಖಾತೆಗೆ ನಾಮಿನಿ ಯಾರೆಂದು ಮನೆಯಲ್ಲಿ ಎಂದೋ ತೀರ್ಮಾನವಾಗಿದೆ. ಹಕ್ಕಿಗೆ ನಾಮಿನಿ ಯಾರೆಂದು ಕೇಳಿದರೆ ಮಗನೂ ಸೊಸೆಯೂ ಒಟ್ಟಿಗೆ ಮೊಬೈಲ್ ನೋಡತೊಡಗುತ್ತಾರೆ.

ಆದರೆ ಒಂದು ವಿಷಯ ಹೇಳಿಬಿಡುತ್ತೇನೆ, ತಾವು ಜಾಹೀರಾತಿಗೆ ಬಳಸಿಕೊಂಡರೂ ಸರಿ. ಬೆಳಗ್ಗೆ ನಾನು ಹತ್ತಿರ ಹೋಗಿ ಮಾತಾಡಿಸಿದರೆ ಅದರ ಬಿಳಿ ಕೆನ್ನೆ ನಸುಗೆಂಪಾಗುತ್ತದೆ. ಭ್ರಮೆಯೇನೋ ಅಂದುಕೊಂಡಿದ್ದೆ. ಫ್ರಾನ್ಸಿನ ಸಂಶೋಧಕರು ಐದು ಸಾಕು ಮಕಾವ್‌ಗಳನ್ನು ಗಮನಿಸಿ 2018ರಲ್ಲಿ ಬರೆದಿದ್ದಾರೆ: ಪರಿಚಿತರು ಮಾತಾಡಿಸಿದಾಗ ಅವುಗಳ ಕೆನ್ನೆ ಕೆಂಪೇರುವುದು ಹೆಚ್ಚು. ಇದು ಸಂತೋಷವೋ ಇನ್ನೇನೋ ಎಂದು ಅವರು ತೀರ್ಪು ಕೊಟ್ಟಿಲ್ಲ. ನಾನೂ ಕೊಡುವುದಿಲ್ಲ. ಈ ಮನೆಯಲ್ಲಿ ನನ್ನನ್ನು ಕಂಡು ಬಣ್ಣ ಬದಲಾಗುವವರು ಬೇರೆ ಯಾರೂ ಇಲ್ಲ, ಅಷ್ಟೇ.

ಬೇರೆ ಬದಲಾವಣೆಗಳೂ ಆಗಿವೆ. ದೋಸೆಯ ನಾನ್‌ಸ್ಟಿಕ್ ತವಾ ಮನೆ ಬಿಟ್ಟಿದೆ. ಖಾಲಿ ತವಾ ಉರಿಯ ಮೇಲೆ ಮರೆತರೆ ಅದರ ಲೇಪದಿಂದ ಏಳುವ ಆವಿ ನಮಗೆ ಕೆಮ್ಮು ತರಿಸುವ ಮೊದಲೇ ಹಕ್ಕಿಯನ್ನು ಕೊಲ್ಲುತ್ತದೆ. ಅಮ್ಮನ ಕಾಲದ ಬೀಡಿನ ಕಾವಲಿ ಅಟ್ಟದಿಂದ ಇಳಿದು ಬಂತು, ದೋಸೆಗೂ ಅದೇ ಮೇಲು. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆಬತ್ತಿ ಮೂರೂ ಬಂದ್. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ನಮ್ಮದರಂತೆ ಬಂದ ದಾರಿಯಲ್ಲೇ ಹಿಂದಿರುಗುವುದಿಲ್ಲ, ಒಂದೇ ದಿಕ್ಕಿಗೆ ಹರಿಯುತ್ತ ಎಲ್ಲವನ್ನೂ ಹೀರಿಸುತ್ತದೆ, ಒಳ್ಳೆಯದನ್ನೂ ವಿಷವನ್ನೂ. ಮಂಗಳವಾರ ಶುಕ್ರವಾರ ದೇವರು ಈಗ ಹೂವು ದೀಪದಲ್ಲೇ ತೃಪ್ತನಾಗಿದ್ದಾನೆ. ಕೊಡಗಿನಿಂದ ತಂಗಿ ಕಳಿಸುವ ಬೆಣ್ಣೆಹಣ್ಣು ಹಕ್ಕಿಗೆ ವಿಷವಾದ್ದರಿಂದ ಅದನ್ನು ನಾವು ಬಾಲ್ಕನಿಯಲ್ಲಿ ಕದ್ದು ತಿನ್ನುತ್ತೇವೆ. ಚಾಕೊಲೇಟು, ಕಾಫಿ, ಉಪ್ಪಿನ ಚಕ್ಕುಲಿ ಕೂಡದು. ಬರೀ ಸೂರ್ಯಕಾಂತಿ ಬೀಜ ಸಾಕು ಎಂದ ತಮ್ಮ ಸಲಹೆಯೂ ಕೂಡದು. ಅದರಲ್ಲೇ ಬೆಳೆದ ಗಿಳಿಗಳಿಗೆ ಎ ವಿಟಮಿನ್ ಕೊರತೆಯಾಗಿ ಮೂಗು ಬಾಯಿ ಕೆಡುತ್ತದೆ. ನುಗ್ಗೆಸೊಪ್ಪು, ಸಿಹಿಗುಂಬಳ, ಕ್ಯಾರೆಟ್, ಮೊಳಕೆಕಾಳು, ಪಪ್ಪಾಯಿ, ದಿನಕ್ಕೆ ನಾಲ್ಕಾರು ಅಕ್ರೋಟು ಬಾದಾಮಿ. ಮನೆಯಲ್ಲಿ ಈಗ ಎಲ್ಲರಿಗಿಂತ ಚೆನ್ನಾಗಿ ಉಣ್ಣುವ ವ್ಯಕ್ತಿ ಅದೇ.

ತಾವು ಗಂಡು ಎಂದಿರಿ, ಗಂಡಾದರೆ ಮಾತು ಚೆನ್ನಾಗಿ ಕಲಿಯುತ್ತೆ ಎಂದು ಅದಕ್ಕೂ ಸ್ವಲ್ಪ ಜಾಸ್ತಿ ಹಿಡಿದಿರಿ. ಮಕಾವ್‌ಗಳಲ್ಲಿ ಗಂಡು ಹೆಣ್ಣು ಹೊರಗಿನಿಂದ ನೋಡಲು ಒಂದೇ. ತಮ್ಮ ದಿವ್ಯದೃಷ್ಟಿಯನ್ನು ನಂಬಿ ನೀಲಕಂಠ ಎಂದು ಹೆಸರಿಟ್ಟೆವು. ಗರಿ ಕಳಿಸಿ ಡಿಎನ್ಎ ಪರೀಕ್ಷೆ ಮಾಡಿಸಿದ ಮೇಲೆ ನೀಲಾಂಬರಿ ಆಗಿದೆ.

ಇನ್ನು ಕಾಗದಪತ್ರ. "ಪೇಪರ್ ಆಮೇಲೆ ಬರುತ್ತೆ ಸಾರ್" ಎಂದಿದ್ದಿರಿ. ನಾನು ಚಿಕ್ಕವಳಿದ್ದಾಗ ಸಂತೆಯಲ್ಲಿ ಗಿಳಿಶಾಸ್ತ್ರದವರು ಪಂಜರದಿಂದ ರಾಮಗಿಳಿ ಬಿಟ್ಟು ಕಾರ್ಡು ಎತ್ತಿಸುತ್ತಿದ್ದರು. ನಮ್ಮ ಊರಿನ ಆ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಾವಿರಾರು ಮೈಲಿ ಆಚೆಯ ಗಿಳಿಗೆ ಆ ತಡೆ ಇರಲಿಲ್ಲ; ಒಳ್ಳೆಯ ಸಂದು. 2022ರಲ್ಲಿ ಕಾಯ್ದೆ ತಿದ್ದಿ, ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಪಟ್ಟಿಗಳಲ್ಲಿರುವ ಪ್ರಾಣಿಗಳೆಲ್ಲ ನಾಲ್ಕನೇ ಅನುಸೂಚಿಗೆ ಸೇರಿದವು. ಮಕಾವ್‌ಗಳೂ ಸೇರಿದವು. 2024ರ ಫೆಬ್ರವರಿಯಲ್ಲಿ ನಿಯಮಗಳು ಬಂದವು. ಯಾರ ಹತ್ತಿರ ಇದೆ, ಯಾರಿಂದ ಯಾರಿಗೆ ಹೋಯಿತು, ಮರಿ ಹುಟ್ಟಿತೇ, ಸತ್ತಿತೇ ಎಲ್ಲವನ್ನೂ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಬರೆಸಬೇಕು. ಅಂದರೆ ನೀಲಾಂಬರಿ ಹುಟ್ಟಿದ್ದು ತಮ್ಮ ಹೆಸರಿನಲ್ಲಿ ಎಲ್ಲೋ ದಾಖಲಾಗಿರಬೇಕು, ಆ ದಾಖಲೆ ನಮ್ಮ ಹೆಸರಿಗೆ ದಾಟಬೇಕು. ದಾಟಿಲ್ಲ. ಮೊಟ್ಟೆ ನಮ್ಮ ಫ್ಲ್ಯಾಟಿನಲ್ಲೇ ಒಡೆಯಿತು ಎಂದು ಬರೆಯಲು ಮಗ ಸಲಹೆ ಕೊಟ್ಟ. ನಾನು ಮೇಷ್ಟ್ರು, ಉತ್ತರಪತ್ರಿಕೆ ತಿದ್ದುವವಳು; ಬರೆಯುವುದಿಲ್ಲ ಅಂದೆ.

ಇದೀಗ ಹಕ್ಕಿಗೆ ಐದು ತಿಂಗಳ ಮೇಲಾಯಿತು. ಕಪ್ಪಗಿದ್ದ ಕಣ್ಣು ಬೂದಿಯಾಗುತ್ತಿದೆ. ದೊಡ್ಡದಾದ ಮೇಲೆ ಹಳದಿಗೆ ತಿರುಗುತ್ತದೆ. (ಕಪ್ಪು ಕಣ್ಣಿನ ಮರಿಯನ್ನು ತೋರಿಸಿ ವರ್ಷದ ಹಕ್ಕಿ ಎನ್ನುವವರೂ ತಮ್ಮ ವೃತ್ತಿಯಲ್ಲಿದ್ದಾರೆ, ತಾವು ಹಾಗೆ ಹೇಳಲಿಲ್ಲ, ಅದಕ್ಕೆ ನಿಜವಾದ ಥ್ಯಾಂಕ್ಸ್.) ಮೂರನೇ ತಿಂಗಳ ಸುಮಾರಿಗೆ ಒಂದು ದಿನ ಸಿರಿಂಜು ಕಂಡರೆ ಕೊಕ್ಕು ಮುಚ್ಚತೊಡಗಿತು. ತೂಕವೂ ಇಳಿಯಿತು. ಗಾಬರಿಯಾಗಿ ತಮಗೆ ಫೋನು ಮಾಡಿದ್ದೆ, ವ್ಯಾಪ್ತಿಯ ಹೊರಗಿದ್ದಿರಿ. ಹಕ್ಕಿ ನೋಡುವ ಡಾಕ್ಟರರನ್ನು ಹುಡುಕಿ ಹೋದಾಗ ಅವರು ನಕ್ಕರು: ಹಾರುವ ವಯಸ್ಸು, ಮೈ ಹಗುರ ಮಾಡಿಕೊಳ್ಳುತ್ತಿದೆ, ಸ್ವಲ್ಪ ಇಳಿಯುವುದು ಸಹಜ, ಬಲವಂತ ಬೇಡ, ದಿನವೆಲ್ಲ ತರಕಾರಿ ಕಾಳು ಎದುರಿಗೆ ಇಡಿ, ರಾತ್ರಿ ಬೇಡಿದರೆ ಮಾತ್ರ ಒಂದು ಹೊತ್ತು ಗಂಜಿ ಕೊಡಿ. ತಾರೀಖು ನೋಡಿ ಗಂಜಿ ಬಿಡಿಸುವುದಲ್ಲ, ಅದು ಬಿಡುವ ತನಕ ಕಾಯುವುದು. ಗಂಜಿಗೆ ಬಾಯಿ ಹಾಕದೆ ಕುಂಬಳದ ತುಂಡನ್ನು ಕಾಲಲ್ಲಿ ಹಿಡಿದು ಅರ್ಧ ತಿಂದು ಅರ್ಧವನ್ನು ಗೋಡೆಗೆ ಎಸೆಯುವುದಕ್ಕೆ ಇನ್ನೂ ಕೆಲವು ವಾರ ಬೇಕಾಯಿತು. ಗೋಡೆಯನ್ನು ನಾವು ಒರೆಸುವುದನ್ನು ಬಿಟ್ಟಿದ್ದೇವೆ.

ರೆಕ್ಕೆ ಕತ್ತರಿಸಿಕೊಡುತ್ತೇವೆ, ಫ್ರೀ ಸರ್ವೀಸು ಎಂದಿದ್ದಿರಲ್ಲ, ಅದನ್ನು ಬೇಡವೆಂದೆ. ಹಾರಲು ಕಲಿಯುವ ಮೊದಲೇ ಕತ್ತರಿಸಿದ ಹಕ್ಕಿಗೆ ಇಳಿಯುವುದೂ ತಿರುಗುವುದೂ ತಿಳಿಯುವುದಿಲ್ಲ, ಕುರ್ಚಿಯಿಂದ ಬಿದ್ದರೂ ಎದೆಮೂಳೆಗೆ ಪೆಟ್ಟು ಮಾಡಿಕೊಳ್ಳುತ್ತದೆ. ಸೀಲಿಂಗ್ ಫ್ಯಾನಿನ ಸ್ವಿಚ್ಚಿಗೆ ಟೇಪು ಅಂಟಿಸಿ, ಕಿಟಕಿಗೆ ಜಾಲರಿ ಹಾಕಿಸಿದೆವು. ಮೀಟರ್‌ನಷ್ಟು ರೆಕ್ಕೆ ಬಿಚ್ಚಿ ಹಾಲಿನ ಒಂದು ತುದಿಯಿಂದ ಎದ್ದರೆ ಅದಕ್ಕೆ ಇನ್ನೊಂದು ತುದಿ ಆಗಲೇ ಬಂದುಬಿಟ್ಟಿರುತ್ತದೆ. ಮೊದಲ ಸಲ ಇಳಿದದ್ದು ದೇವರಮನೆಯ ಮಂಟಪದ ಮೇಲೆ. ಎರಡನೆಯದು ಮೀಟಿಂಗಿನಲ್ಲಿದ್ದ ಮಗನ ತಲೆಯ ಮೇಲೆ. ಅವನ ಮ್ಯಾನೇಜರು ಮೊದಲ ಬಾರಿಗೆ ಕ್ಯಾಮೆರಾ ಆನ್ ಮಾಡಿದರಂತೆ.

ಕೊನೆಯದಾಗಿ, ನಿನ್ನೆ ರಾತ್ರಿ ತಾವು ಮಗನಿಗೆ ಕಳಿಸಿದ ಸಂದೇಶದ ವಿಚಾರ. ಫೋನು ಹೊರಗಿದ್ದರೂ ತಮ್ಮ ವಾಟ್ಸಾಪು ವ್ಯಾಪ್ತಿಯಲ್ಲೇ ಇರುವುದು ತಿಳಿದು ಸಮಾಧಾನವಾಯಿತು. "ಸಾರ್, ಸಿಂಗಲ್ ಇದ್ರೆ ಬೇಜಾರಾಗುತ್ತೆ, ಜೋಡಿ ಮಾಡಿ. ನಾಲ್ಕು ವಾರದ್ದು ರೆಡಿ ಇದೆ. ಹಳೇ ಕಸ್ಟಮರ್‌ಗೆ ಡಿಸ್ಕೌಂಟು. ಕೆಂಪು ಬೇಕಾದ್ರೂ ನೋಡೋಣ." ಕೆಂಪು ಮಕಾವ್ 1985ರಿಂದ ಸೈಟಿಸ್‌ನ ಮೊದಲ ಪಟ್ಟಿಯಲ್ಲಿದೆ. ಅದನ್ನು ಹೀಗೆ ಇಮೋಜಿ ಹಾಕಿ ಕೇಳುವ ಧೈರ್ಯಕ್ಕೆ ಭೇಷ್ ಅನ್ನದೆ ವಿಧಿಯಿಲ್ಲ, ಅದು ಬೇಡ. ನೀಲಿಯದಕ್ಕೆ ಜೊತೆ ಬೇಕು ಎಂಬ ಮಾತು ಮಾತ್ರ ತಾವು ಇಷ್ಟು ದಿನದಲ್ಲಿ ಹೇಳಿದ ಮೊದಲ ವೈದ್ಯಕೀಯ ಸತ್ಯ, ಹಾಗಾಗಿ ಮನೆಯಲ್ಲಿ ಚರ್ಚೆ ಮಾಡಿದೆವು. ಉತ್ತರ ಬರೆಯುವ ಹೊಣೆ ನನ್ನದಾಯಿತು, ತಿನ್ನಿಸುವ ಹೊಣೆ ಯಾರದಾಗುತ್ತದೆಂದು ಎಲ್ಲರಿಗೂ ಗೊತ್ತಿರುವುದರಿಂದ.

ನಾಲ್ಕು ವಾರದ್ದನ್ನು ಈಗ ತರಬೇಡಿ. ಎಲ್ಲಿಂದ ತೆಗೆದಿದ್ದೀರೋ ಆ ಪೆಟ್ಟಿಗೆಗೇ ವಾಪಸ್ ಇಡಿ, ಅದರ ಅಪ್ಪ ಅಮ್ಮ ಇನ್ನೂ ಅಲ್ಲೇ ಇದ್ದರೆ ನೋಡಿಕೊಳ್ಳುತ್ತವೆ. ಅವಕ್ಕೆ ಥರ್ಮಾಮೀಟರ್ ಬೇಡ, ಎಡ ಬಲ ಹೇಳಿಕೊಡುವುದೂ ಬೇಡ. ಹಾರಿ ಇಳಿಯುವುದು ಕಲಿತ ಮೇಲೆ, ನನ್ನ ಕಣ್ಣೆದುರಿಗೆ ಒಂದು ಅಕ್ರೋಟನ್ನು ತಾನೇ ಒಡೆದು ತಿಂದು ತೋರಿಸಿದ ಮೇಲೆ, ಎರಡೂ ಹಕ್ಕಿಯ ಕಾಗದಗಳ ಸಮೇತ ಕರೆದುಕೊಂಡು ಬನ್ನಿ. ತೂಕ ಬರೆದ ಪುಸ್ತಕ ತನ್ನಿ, ಡಾಕ್ಟರ್ ಚೀಟಿ ತನ್ನಿ. ಸಿರಿಂಜು ತರಬೇಡಿ. ಬರುವ ಮೊದಲು ಫೋನು ಮಾಡಿ, ನಾನು ಮೊದಲ ರಿಂಗಿಗೇ ಎತ್ತುತ್ತೇನೆ. ಬೆಳಗ್ಗೆ ಆರರಿಂದ ಎಚ್ಚರವಾಗಿಯೇ ಇರುತ್ತೇನೆ, ಅಭ್ಯಾಸ ತಪ್ಪಿಲ್ಲ.

ಇತಿ,
ನೀಲಾಂಬರಿಯ ಅಜ್ಜಿ

ಮರೆತಿದ್ದೆ: ಊಟದ ಹೊತ್ತಿಗೆ ಬಂದರೆ ಊಟ ಮಾಡಿಕೊಂಡೇ ಹೋಗಿ. ತಟ್ಟೆಯನ್ನು ಮಾತ್ರ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ.